ಎರಡನೇ ಸಾಲಿನ ಇಲಿಗಳು

೧

ಇಲಿಯಿಂದ ಶುರು ಮಾಡಿದರೆ ನೀವು ಓದುವುದಿಲ್ಲ. ಮಗಳಿಂದ ಶುರು ಮಾಡಿದರೆ ಮಗಳು ಸುಮ್ಮನೆ ಬಿಡುವುದಿಲ್ಲ. ಹೋಗಲಿ, ಚಕ್ಕೋತದ ಮರದಿಂದ ಶುರು ಮಾಡೋಣ ಅಂತ ಕೂತೆ. ಎಲೆಯ ಮೇಲಿನ ಮಂಜಿನ ಬಗ್ಗೆ ಎರಡು ಸಾಲು ಬರೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

ಸಂಪಾದಕರು ಫೋನ್ ಮಾಡಿ, "ಗಂಗಣ್ಣನವರೇ, ಈ ಸಲ ಒಂದು ಆಧುನಿಕೋತ್ತರ ಕಥೆ ಕೊಡಿ" ಅಂದಿದ್ದರು.

"ಹಾಗಂದ್ರೇನು ಸಾರ್?"

"ಕಥೆ ನಡೀತಾ ಇರುವಾಗ ಬರೆಯೋನೇ ಮಧ್ಯೆ ಬಾಯಿ ಹಾಕ್ತಿರಬೇಕು."

ಅಷ್ಟೇನಾ? ಅದಕ್ಕೆ ಇಷ್ಟು ದೊಡ್ಡ ಹೆಸರಾ? ನಮ್ಮ ಕುಂದಾಣ ಹೋಬಳಿಯಲ್ಲಿ ಯಾರ ಮನೆಯ ಪಂಚಾಯ್ತಿಗಾದರೂ ಬನ್ನಿ, ಮಾತಾಡುವವನನ್ನು ಪೂರ್ತಿ ಮಾತಾಡಲು ಬಿಟ್ಟಿದ್ದನ್ನು ತೋರಿಸಿ.

ಸರಿ. ಮಗಳಿಂದಲೇ ಶುರು. ಅವಳ ಹತ್ತಿರ ಆಮೇಲೆ ಬೈಸಿಕೊಳ್ಳುತ್ತೇನೆ.

೨

ನನ್ನ ಮಗಳು ಅರ್ಪಿತ ದೇವನಹಳ್ಳಿ ಹತ್ತಿರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. (ಯಾವ ಕಾಲೇಜು ಅಂತ ಹುಡುಕಿಕೊಂಡು ಹೋಗಬೇಡಿ. ಅದನ್ನು ಕಟ್ಟಿದವನು ನಾನೇ, ಈ ಕಾಗದದ ಮೇಲೆ. ಅಲ್ಲಿಗೆ ಬಸ್ಸಿಲ್ಲ.) ಸೀಸ ಮೈಗೆ ಸೇರಿದರೆ ಕಿಡ್ನಿ, ಲಿವರ್ ಹಾಳಾಗುತ್ತವೆ. ಹಳೇ ಬ್ಯಾಟರಿ ಒಡೆದು ಕರಗಿಸುವವರಿಗೆ ಹೀಗಾಗುವುದುಂಟು. ಹಾಗೆ ಹಾಳಾಗುವುದನ್ನು ಚಕ್ಕೋತದ ಸಿಪ್ಪೆಯ ಪುಡಿ ಸ್ವಲ್ಪವಾದರೂ ತಡೆಯುತ್ತದಾ? ಇದು ಅವಳ ಪ್ರಶ್ನೆ. ಉತ್ತರ ಹೇಳಬೇಕಾದವು ಬಿಳಿ ಇಲಿಗಳು.

ಇಲಿಗಳ ಪಂಜರಗಳನ್ನು ಮೂರು ಸಾಲು ಮಾಡಿ ಇಟ್ಟಿದ್ದರು. ಮೊದಲ ಸಾಲಿಗೆ ಬರೀ ಒಳ್ಳೆ ನೀರು. ಎರಡನೇ ಸಾಲಿಗೆ ಸೀಸ ಕಲಸಿದ ನೀರು. ಮೂರನೇ ಸಾಲಿಗೆ ಸೀಸದ ನೀರೂ ಉಂಟು, ಚಕ್ಕೋತದ ಪುಡಿಯೂ ಉಂಟು. ಕೊನೆಗೆ ಎಲ್ಲವನ್ನೂ ಕೊಯ್ದು ಒಳಗಿನ ಅಂಗಗಳನ್ನು ನೋಡುವುದು. ಎರಡನೇ ಸಾಲಿನದು ಕೆಟ್ಟಿರಬೇಕು, ಮೂರನೇ ಸಾಲಿನದು ಅಷ್ಟು ಕೆಟ್ಟಿರಬಾರದು. ಹಾಗಾದರೆ ಪುಡಿಯಲ್ಲಿ ಏನೋ ಇದೆ ಅಂತ ಅರ್ಥ. ಇದನ್ನು ಅರ್ಪಿತ ನನಗೆ ಹೇಳಿಕೊಟ್ಟಾಗ ನಾನು, "ಎಲ್ಲಾದಕ್ಕೂ ಪುಡಿ ಕೊಟ್ಟು ಒಂದೇ ಸಲ ನೋಡಬಾರದಾ?" ಅಂದೆ. ಅವಳು ಹಣೆ ಚಚ್ಚಿಕೊಂಡಳು. ಆಗ ನಾನೂ ನಕ್ಕೆ.

ಸಿಪ್ಪೆ ನಮ್ಮ ಮರದ್ದೇ. ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಪುಡಿ ಮಾಡಿಕೊಟ್ಟವಳು ನನ್ನ ಅಕ್ಕ ಮುನಿವೆಂಕಟಮ್ಮ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಅದೇ ಕಾಲೇಜಿನಲ್ಲಿ ಇಲಿ ಪಂಜರ ತೊಳೆದು, ಹೊಟ್ಟು ಬದಲಾಯಿಸಿ, ಕಾಳು ನೀರು ಇಡುವ ಕೆಲಸ ಅವಳದು. ಕಾಲೇಜಿನವರು ಆ ಕೋಣೆಗೆ ಆನಿಮಲ್ ಹೌಸ್ ಅನ್ನುತ್ತಾರೆ. ಅಕ್ಕ ಇಲಿಮನೆ ಅನ್ನುತ್ತಾಳೆ. ನಾನು ಅಕ್ಕನ ಕಡೆ.

೩

ರಿಸಲ್ಟ್ ಬಂದ ಸಾಯಂಕಾಲ ಅರ್ಪಿತ ಚಪ್ಪಲಿ ಕೂಡ ಬಿಡದೆ ಜಗಲಿ ಮೇಲೆ ಕೂತುಬಿಟ್ಟಳು.

"ಏನವ್ವಾ?"

"ಎರಡನೇ ಸಾಲಿನ ಕಿಡ್ನಿ ಚೆನ್ನಾಗಿದೆ ಅಪ್ಪ."

"ಒಳ್ಳೇದೇ ಆಯ್ತಲ್ಲ!"

"ಅಯ್ಯೋ ಅಪ್ಪ, ಅದು ಕೆಡಬೇಕಿತ್ತು!"

ಎರಡನೇ ಸಾಲು, ಮೂರನೇ ಸಾಲು, ಎರಡೂ ಒಂದೇ ಥರ ಇದ್ದವಂತೆ. ಪುಡಿ ತಿಂದದ್ದಕ್ಕೂ ತಿನ್ನದ್ದಕ್ಕೂ ವ್ಯತ್ಯಾಸವೇ ಇಲ್ಲ. ಅವಳ ಗೈಡ್ ಪದ್ಮಶ್ರೀ ಮೇಡಂ, "ನೀನು ಸೀಸದ ನೀರು ಸರಿಯಾಗಿ ಕಲಸಿಲ್ಲ" ಅಂದರಂತೆ. ಅರ್ಪಿತ ಉಳಿದಿದ್ದ ನೀರನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಳು. ಸೀಸ ಎಷ್ಟಿರಬೇಕೋ ಅಷ್ಟೇ ಇತ್ತು. ಇಲಿಗಳ ಮೂಳೆಯಲ್ಲೂ ಸೀಸ ಇತ್ತು. ಒಳಗೆ ಹೋಗಿದೆ, ಕೆಡಿಸಿಲ್ಲ. ಯಾಕೆ? ಗೊತ್ತಿಲ್ಲ.

ಈ 'ಯಾಕೆ'ಗೆ ಉತ್ತರ ಸಿಗದಿದ್ದರೆ ಮಗಳ ಪಿಎಚ್‌ಡಿ ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಮಾಡುತ್ತೇನೆ ಅಂದರೆ ಕಮಿಟಿ ಒಪ್ಪಬೇಕು. ಸುಮ್ಮಸುಮ್ಮನೆ ಇನ್ನಷ್ಟು ಇಲಿ ಕೊಲ್ಲಲು ಅವರು ಬಿಡುವುದಿಲ್ಲ, ಗಟ್ಟಿ ಕಾರಣ ಕೇಳುತ್ತಾರೆ. ಅವಳಿಗೆ ಕೊಟ್ಟಿದ್ದ ಅವಧಿಯೂ ಮುಗಿಯುತ್ತಾ ಬಂದಿತ್ತು. ಮಗಳು ಊಟ ಕಮ್ಮಿ ಮಾಡಿದಳು. ಎಷ್ಟು ಬೈದರೂ ತಿರುಗಿ ಬೈಯುತ್ತಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಅದಕ್ಕೆ.

೪ (ಹರಿದು ಹಾಕಿದ್ದು)

ಇಲ್ಲಿ ಒಬ್ಬ ವಿಲನ್ ಬೇಕು ಅಂತ ನನಗೆ ಅನಿಸಿತು. ಕೈಗೆ ಸಿಕ್ಕವರು ಪದ್ಮಶ್ರೀ ಮೇಡಂ. ಅವರಿಗೆ ಕಪ್ಪು ಗಾಜಿನ ಕಾರು ಕೊಟ್ಟೆ. ತೆಳ್ಳನೆ ತುಟಿ ಕೊಟ್ಟೆ. "ಹಳೇ ಅಂಕಿಗಳನ್ನು ತಂದು ಸೇರಿಸಿಬಿಡು, ಯಾರಿಗೂ ಗೊತ್ತಾಗಲ್ಲ" ಅಂತ ಅವರ ಬಾಯಲ್ಲಿ ಹೇಳಿಸಿದೆ. ನನ್ನ ಮಗಳು ಎದ್ದು ನಿಂತು ಅರ್ಧ ಪುಟ ಭಾಷಣ ಮಾಡಿದಳು. ಓದುತ್ತಾ ನನಗೇ ಕಣ್ಣು ತುಂಬಿ ಬಂತು.

ಅರ್ಪಿತ ಅದನ್ನು ಫೋಟೋ ತೆಗೆದು ಮೇಡಂಗೆ ಕಳಿಸಿಬಿಟ್ಟಳು. ಮೇಡಂನಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು:

"ಗಂಗಣ್ಣನವರೇ, ನಾನು ಓಡಾಡೋದು ಸ್ಕೂಟರಲ್ಲಿ. ಕಾರು ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಡೀಸೆಲ್ಲೂ ನೀವೇ ಹಾಕಿಸಿ. ಅಂಕಿ ಸೇರಿಸು ಅಂತ ನಾನು ಯಾವತ್ತೂ ಹೇಳಿಲ್ಲ. ಮಗಳ ಮೇಲೆ ಪ್ರೀತಿ ಇದ್ರೆ ಅವಳಿಗೆ ಊಟ ಮಾಡಿಸಿ, ನನ್ನ ಮೇಲೆ ಯಾಕ್ರೀ ಸಿಟ್ಟು?"

ಹರಿದು ಹಾಕಿದೆ. ಬೈಯುವುದಾದರೆ ಆ ಹೆಂಗಸು ಸರಿಯಾಗೇ ಬೈಯುತ್ತಾಳೆ. ಗೌರವ ಬಂತು.

೪ (ಇದನ್ನೂ ಹರಿದು ಹಾಕಿದ್ದು)

ಚಕ್ಕೋತವನ್ನೇ ನಾಯಕನನ್ನಾಗಿ ಮಾಡಿದೆ. ಸಿಪ್ಪೆ ತಿಂದ ಇಲಿಗಳು ಕುಣಿದಾಡಿದವು, ವಿದೇಶದಿಂದ ಜನ ಬಂದರು, ನಮ್ಮ ತೋಟದಲ್ಲಿ ಬೋರ್ಡ್ ನೆಟ್ಟರು.

"ನಿನ್ನ ಮರ ಅಂತ ಹಿಂಗೆ ಬರೀತಿದ್ಯಾ?" ಅಂದಳು ಅರ್ಪಿತ. "ಹುಣಸೆ ಆಗಿದ್ರೆ ಬರೀತಿರ್ಲಿಲ್ಲ."

ಸತ್ಯ. ಹರಿದು ಹಾಕಿದೆ.

ಆಮೇಲೆ ಒಂದು ಇಲಿಯೇ ಕಥೆ ಹೇಳುವ ಹಾಗೆ ಬರೆದೆ. ಅಕ್ಕನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡು, "ಅಲ್ಲಾ ಗಂಗ, ಇಲೀಗೂ ನಿನ್ ಥರಾನೇ ಬಾಯಿ ಕೊಟ್ಟಿದ್ಯಲ್ಲೋ. ನಮ್ ಇಲಿಗಳು ಮರ್ಯಾದಸ್ತವು" ಅಂದಳು.

"ನಮ್ ಇಲಿಗಳು" ಅಂದಳು, ನೋಡಿ. ಅವತ್ತೇ ನಾನು ಕಿವಿ ನಿಮಿರಿಸಬೇಕಿತ್ತು. ನಿಮಿರಿಸಲಿಲ್ಲ. ನೀವಾದರೂ ನಿಮಿರಿಸಿದಿರಾ?

೫

ಭಾನುವಾರ ಮಧ್ಯಾಹ್ನ. ಹಿತಕಿದ ಅವರೆಕಾಳಿನ ಸಾರು, ಮುದ್ದೆ. ನಾನು, ನನ್ನ ಹೆಂಡತಿ ಕವಿತ, ಅರ್ಪಿತ ಸಾಲಾಗಿ ನೆಲದ ಮೇಲೆ ಕೂತಿದ್ದೆವು. ಬಡಿಸುವವಳು ಅಕ್ಕ. ನಮ್ಮ ಮನೆಯಲ್ಲಿ ಸೌಟು ಅವಳ ಕೈಗೆ ಬಂದರೆ ಇನ್ಯಾರಿಗೂ ಬಿಟ್ಟುಕೊಡುವುದಿಲ್ಲ.

"ನಂಗೆ ಬೇಡತ್ತೆ, ಹಸಿವಿಲ್ಲ" ಅಂದಳು ಅರ್ಪಿತ.

"ಸಾಲಲ್ಲಿ ಕೂತ್ಕಂಡ ಮೇಲೆ ಬ್ಯಾಡ ಅನ್ನಂಗಿಲ್ಲ."

"ಬೇಡ ಅಂದ್ರೆ ಬೇಡ, ಅಪ್ಪಂಗೆ ಹಾಕು."

"ನೋಡವ್ವ, ಒಬ್ಬರಿಗೆ ಹಾಕಿ ಪಕ್ಕದೋರ ತಟ್ಟೆ ದಾಟ್ಕಂಡು ಹೋಗೋ ಬುದ್ಧಿ ನಂಗೆ ನಮ್ಮವ್ವ ಕಲಿಸಿಲ್ಲ. ಪಂಕ್ತಿಯಲ್ಲಿ ಭೇದ ಮಾಡಿದ್ರೆ ಉಂಡೋನಿಗೂ ದಕ್ಕಲ್ಲ, ಬಡಿಸ್ದೋಳಿಗೂ ದಕ್ಕಲ್ಲ. ಇಲಿಗೇ ನಾನು ಮಾಡ್ಲಿಲ್ಲ, ನಿಂಗ್ ಮಾಡ್ತೀನಾ?"

ಅರ್ಪಿತ ತಲೆ ಎತ್ತಿದಳು.

"ಇಲಿಗೆ ಏನ್ ಮಾಡ್ಲಿಲ್ಲ?"

"ಭೇದ ಕಣವ್ವ. ನೀನು ಆ ಕಡೇ ಸಾಲಿಗೆ ಮಾತ್ರ ಪುಡಿ ಕೊಟ್ಬಿಟ್ಟು ಹೊಂಟೋಗ್ತಿದ್ದೆ. ಮಿಕ್ಕಿದ್ದೋವು ಕಂಬಿ ಹಿಡ್ಕಂಡು ಪಿಳಿಪಿಳಿ ಅಂತ ನೋಡ್ತಿದ್ವು. ನೀನು ಓದೋ ಹುಡ್ಗಿ, ನಿಂಗೆ ಇವೆಲ್ಲ ತೋಚಲ್ಲ. ಅದ್ಕೇ ನಾನು ಮನೇಲಿ ಮಿಕ್ಕಿದ್ದ ಪುಡಿ ಸೆರಗಲ್ಲಿ ಕಟ್ಕಂಡು ಹೋಗಿ, ನನ್ನ ಬುತ್ತಿ ಮುದ್ದೇಲಿ ಕಲಸಿ, ಕಡ್ಲೆಕಾಳಷ್ಟು ಕಡ್ಲೆಕಾಳಷ್ಟು ಉಂಡೆ ಮಾಡಿ ಹಾಕ್ತಿದ್ದೆ. ಎಷ್ಟ್ ಚೆನ್ನಾಗಿ ತಿನ್ನೋವು ಅಂತೀಯ! ಎರಡು ಕೈಯಲ್ಲಿ ಹಿಡ್ಕಂಡು."

"ಯಾವತ್ತು ಹಾಕ್ದೆ?"

"ಯಾವತ್ತೂ ಅಂದ್ರೆ? ದಿನಾ."

ಕವಿತ ಬಾಯಿಗೆ ಸೆರಗು ಮುಚ್ಚಿಕೊಂಡಳು. ನಾನು ತಟ್ಟೆ ದೂಕಿದೆ. ಸಾರು ಗೋಡೆಯವರೆಗೆ ಹೋಯಿತು.

"ನಿನ್ ಮುದ್ದೆಗೆ ಬೆಂಕಿ ಹಾಕ! ಮಗು ಅನ್ನಕ್ಕೇ ಮಣ್ಣು ಹಾಕ್ಬಿಟ್ಯಲ್ಲಕ್ಕ! ಇಷ್ಟು ವರ್ಷ ಓದಿದ್ದೆಲ್ಲ ಹಾಳು ಮಾಡಿದ್ದು ಯಾರು ಅಂತ ಊರೆಲ್ಲ ಹುಡುಕಿದ್ರೆ, ಸೌಟು ಹಿಡ್ಕಂಡು ಮನೇಲೇ ನಿಂತವ್ಳಲ್ಲ!"

"ಕೂಗು, ಕೂಗು" ಅಂದಳು ಅಕ್ಕ. "ಕೂಗಾದ್ ಮೇಲೆ ಗೋಡೆ ಒರೆಸು. ಅನ್ನ ಅದು."

(ಈ ಜಾಗದಲ್ಲಿ ನಾನು ಇನ್ನೂ ಏನೇನೋ ಬೈದೆ ಅಂತ ಅಕ್ಕನ ತಕರಾರು. ಬೈದಿದ್ದೆ. ಸಂಪಾದಕರು ಒಳ್ಳೆಯವರು, ಅವರ ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ.)

ಅರ್ಪಿತ ಮಾತ್ರ ಅಲ್ಲಾಡಲಿಲ್ಲ.

"ಅತ್ತೆ, ಇನ್ನೊಂದ್ಸಲ ಹೇಳು. ಎರಡನೇ ಸಾಲಿಗೆ ದಿನಾ ಪುಡಿ ಹಾಕ್ದೆ."

"ಹೂಂ. ಒಂದನೇ ಸಾಲಿಗೂ."

"ಅಂದ್ರೆ ನಾನು ಸೀಸ ಸರಿಯಾಗೇ ಕಲಸಿದ್ದೆ."

"ನೀನು ಕಲಸೋದು ನಾನ್ ನೋಡ್ತಿರ್ಲಿಲ್ವಾ? ಚಿನ್ನ ತೂಗ್ದಂಗೆ ತೂಗ್ತಿದ್ದೆ."

ಮಗಳು ಜೋರಾಗಿ ನಕ್ಕಳು. ನಗುನಗುತ್ತಾ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ತಟ್ಟೆ ಮುಂದಕ್ಕೆ ತಳ್ಳಿ, "ಮುದ್ದೆ ಹಾಕತ್ತೆ" ಅಂದಳು. ಅಷ್ಟು ದಿನ ಅವಳ ತಲೆಯ ಮೇಲಿದ್ದದ್ದು 'ನನ್ನ ಕೈಯಲ್ಲೇ ದೋಷ' ಅನ್ನುವ ಭಾರ. ಅದು ಇಳಿಯಿತು. ನನಗೆ ಬೈಯುವುದು ಇನ್ನೂ ಬಾಕಿ ಇತ್ತು, ಆದರೆ ಅವಳು ಉಣ್ಣುವುದನ್ನು ನೋಡುತ್ತಾ ಮರೆತುಹೋಯಿತು. ಗೋಡೆ ಒರೆಸಿದೆ.

೬

ಇಲ್ಲಿಗೆ ಕಥೆ ಸಲೀಸಾಗಬೇಕಿತ್ತು. ಕಾರಣ ಸಿಕ್ಕಿತು, ಕಮಿಟಿಗೆ ಹೇಳಿದರೆ ಆಯಿತು. ಆದರೆ ಕಾರಣದ ಹೆಸರು ಮುನಿವೆಂಕಟಮ್ಮ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಮಗಳ ಓದು ಹೋಗುತ್ತದೆ.

"ತಪ್ಪು ನಂದೇ ಅಂತ ಹೇಳ್ಬಿಡ್ತೀನಿ" ಅಂದಳು ಅರ್ಪಿತ.

"ಸುಳ್ಳು ಹೇಳಿದ್ರೆ ಹಲ್ಲುದುರಿಸ್ತೀನಿ" ಅಂದೆ.

"ನೀವಿಬ್ರೂ ಯಾಕ್ ಕಿತ್ತಾಡ್ತೀರಿ?" ಅಂದಳು ಅಕ್ಕ. "ನಾನೇನ್ ಕದ್ದಿದ್ನಾ? ಹಸಿದೋವಕ್ಕೆ ಹಾಕ್ದೆ. ನಾನೇ ಹೇಳ್ತೀನಿ ನಡೀರಿ."

ಸೋಮವಾರ ಮೂವರೂ ಮೇಡಂ ಮುಂದೆ ನಿಂತೆವು. ಅಕ್ಕ ಒಂದು ಉಂಡೆಯನ್ನೂ ಬಿಡದೆ ಎಲ್ಲ ಹೇಳಿದಳು. ಪದ್ಮಶ್ರೀ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಂಜರದೊಳಗೆ ಬೇರೇನೂ ಹಾಕಬಾರದು ಅಂತ ನಿಮಗೆ ಹೇಳಿರ್ಲಿಲ್ವಾ ಮುನಿವೆಂಕಟಮ್ಮ?"

"ಹೇಳಿದ್ರಿ ಮೇಡಮ್ಮೋರೆ. ಕಸ ಗಿಸ ಹಾಕ್ಬೇಡ ಅಂತ ತಿಳ್ಕಂಡೆ. ಮುದ್ದೆ ಕಸನಾ?"

ಮೇಡಂ ನನ್ನ ಕಡೆ ನೋಡಿದರು. ನಾನು ಸೀಲಿಂಗ್ ಫ್ಯಾನ್ ಕಡೆ ನೋಡಿದೆ.

"ಒಂದು ಬ್ಯಾಚು ಪೂರ್ತಿ ಹಾಳು. ಅಷ್ಟೂ ಇಲಿ ಸತ್ತಿದ್ದು ದಂಡ. ಇನ್ನು ಅವುಗಳ ಕಿಡ್ನಿ ಉಳಿಸಿದ್ದು ಚಕ್ಕೋತದ ಸಿಪ್ಪೇನೋ, ನಿಮ್ಮ ರಾಗೀನೋ ಅಂತ ಯಾರಿಗ್ರೀ ಗೊತ್ತಾಗುತ್ತೆ?"

ಅಕ್ಕ ಸ್ವಲ್ಪ ಯೋಚಿಸಿ, "ಹಂಗಾದ್ರೆ ರಾಗಿ ಹೆಸ್ರೂ ಬರ್ಕಳಿ" ಅಂದಳು.

ಮೇಡಂಗೆ ಸಿಟ್ಟು ಇತ್ತು, ಸುಳ್ಳಲ್ಲ. ಆದರೆ ತುಟಿ ಬಿಗಿ ಹಿಡಿದು ಎಷ್ಟು ಹೊತ್ತು ಇರಲು ಸಾಧ್ಯ? (ತೆಳ್ಳನೆ ತುಟಿ ಅಲ್ಲ ಅಂತ ಇಲ್ಲಿ ತಿದ್ದುಪಡಿ ಮಾಡಿದ್ದೇನೆ.) ನಕ್ಕುಬಿಟ್ಟರು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಗಟ್ಟಿಯಾಗಿ ಎಚ್ಚರಿಕೆ ಕೊಟ್ಟರು. ನಡೆದದ್ದನ್ನು ನಡೆದ ಹಾಗೇ ಕಮಿಟಿಗೆ ತಿಳಿಸಿದರು. ಕಮಿಟಿಯವರು ಇನ್ನೊಂದು ಸಲ ಮಾಡಲು ಒಪ್ಪಿದರು, ಅವಧಿಯೂ ಸಿಕ್ಕಿತು.

ಅಕ್ಕನ ಕೆಲಸ ಹೋದರೆ ಮೇಡಂಗೆ ಹೇಳಬೇಕು ಅಂತ ಒಂದು ಭರ್ಜರಿ ಮಾತು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ವ್ಯರ್ಥವಾಯಿತು. ಆ ಮಾತು ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಕಳಿಸುತ್ತೇನೆ.

೭

ಹೊಸ ಇಲಿಗಳು ಬಂದವು. ಅಕ್ಕ ಇಲಿಮನೆಯ ಬಾಗಿಲಲ್ಲೇ ನಿಂತಳು, ಒಳಗೆ ಹೋಗಲಿಲ್ಲ.

"ಒಂದೇ ಸಾಲಿಗೆ ಹಾಕಿ ಮಿಕ್ಕಿದ್ದು ಬಿಡೋದಾದ್ರೆ ನನ್ನ ಕೈಲಾಗಲ್ಲ. ಬೇರೆ ಬೇರೆ ರೂಮಲ್ಲಿ ಇಡ್ರಿ. ಬೇರೆ ಮನೆ ಊಟ ಬೇರೆ. ಆಗ ಭೇದ ಆಗಲ್ಲ."

"ಹಾಗಿಡಕ್ಕಾಗಲ್ಲ ಅತ್ತೆ. ಎಲ್ಲಾದಕ್ಕೂ ಒಂದೇ ಗಾಳಿ, ಒಂದೇ ಬೆಳಕು ಇರಬೇಕು."

"ಗಾಳಿ ಬೆಳಕಲ್ಲಿ ಮಾತ್ರ ಭೇದ ಮಾಡಂಗಿಲ್ಲ, ಊಟದಲ್ಲಿ ಮಾಡ್ಬೋದು. ಒಳ್ಳೆ ನ್ಯಾಯ ಕಣವ್ವ ನಿಂದು."

ಇದಕ್ಕೆ ಅರ್ಪಿತ ಉತ್ತರ ಕೊಟ್ಟಳು ಅಂತ ಬರೆಯಬೇಕು ಅಂತ ನನಗೆ ಆಸೆ. ಮಗಳು ಡಾಕ್ಟರೇಟಿಗೆ ಓದುತ್ತಿದ್ದಾಳೆ, ಒಂದು ಉತ್ತರ ಬೇಡವೇ? "ಬ್ಯಾಟರಿ ಕರಗಿಸೋ ಜನಕ್ಕೆ ನಾಳೆ ಉಪಯೋಗಕ್ಕೆ ಬರಬಹುದು ಅತ್ತೆ" ಅಂದಳು. ಅದು ಉತ್ತರ ಹೌದು. ಆದರೆ ಅಕ್ಕ ಕೇಳಿದ ಪ್ರಶ್ನೆಗಲ್ಲ. ಅದು ಅರ್ಪಿತಳಿಗೂ ಗೊತ್ತಿತ್ತು, ಹಾಗಾಗಿ ಮೆಲ್ಲಗೆ ಹೇಳಿದಳು.

ಕೊನೆಗೆ ಮೇಡಂ ಸಾಲುಗಳ ನಡುವೆ ಪರದೆ ಕಟ್ಟಿಸಿದರು. ಗಾಳಿ ಬೆಳಕು ಮೇಲಿಂದ ಸಮನಾಗಿ ಬರುತ್ತದೆ, ಒಬ್ಬರ ಊಟ ಒಬ್ಬರಿಗೆ ಕಾಣುವುದಿಲ್ಲ. ಅಕ್ಕ ಒಪ್ಪಿ ಒಳಗೆ ಹೋದಳು. ಅಂದಿನಿಂದ ಬುತ್ತಿಯನ್ನು ಗೇಟಿನಲ್ಲಿ ವಾಚ್‌ಮನ್ ಹತ್ತಿರ ಬಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಳು. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ.

"ನಿನ್ನ ಮೇಲೆ ಅನುಮಾನ ಪಡ್ತಾರೆ ಅಂತಾನಾ?" ಅಂದೆ.

"ಅಲ್ಲ ಕಣೋ. ಕೈಯಲ್ಲಿ ಮುದ್ದೆ ಇದ್ರೆ, ಪರದೆ ಎತ್ತದೆ ಇರಕ್ಕಾಗಲ್ಲ ನಂಗೆ."

೮

ಎರಡನೇ ಬಾರಿಯ ರಿಸಲ್ಟ್ ಬಂತು. ಎರಡನೇ ಸಾಲಿನ ಕಿಡ್ನಿ ಕೆಟ್ಟಿದ್ದವು. ಮೂರನೇ ಸಾಲಿನದು ಅಷ್ಟು ಕೆಟ್ಟಿರಲಿಲ್ಲ. ಲಿವರ್ ಮಾತ್ರ ಎರಡು ಸಾಲಲ್ಲೂ ಒಂದೇ ಥರ ಇತ್ತು, ಸೀಸ ಅದನ್ನು ಕೆಡಿಸಿಯೇ ಇರಲಿಲ್ಲ, ಅಲ್ಲಿ ನಮ್ಮ ಚಕ್ಕೋತಕ್ಕೆ ಆಟವೇ ಸಿಗಲಿಲ್ಲ. ಅರ್ಪಿತ ಅದನ್ನೂ ಬರೆದಿದ್ದಾಳೆ. "ಅದೊಂದು ಬಿಟ್ಬಿಡು" ಅಂತ ಹೇಳಲು ನಾನು ಬಾಯಿ ತೆಗೆದೆ. ಅವಳು ನೋಡಿದ ನೋಟಕ್ಕೆ ಮುಚ್ಚಿದೆ.

(ಓದುವವರೇ, ನಿಮಗೊಂದು ಮಾತು. ಇದು ಕಥೆ. ಇಲಿಗಳೂ ಕಥೆಯವು. ನಿಮ್ಮಲ್ಲಿ ಯಾರಿಗಾದರೂ ಸೀಸ ಹತ್ತಿದ್ದರೆ ಆಸ್ಪತ್ರೆಗೆ ಹೋಗಿ. 'ಗಂಗಣ್ಣ ಬರೆದಿದ್ದ' ಅಂತ ಚಕ್ಕೋತದ ಸಿಪ್ಪೆ ಜಗಿಯುತ್ತಾ ಮನೆಯಲ್ಲಿ ಕೂತರೆ ನಾನೇ ಬಂದು ಒದೆಯುತ್ತೇನೆ.)

ಮೇಡಂ, "ಇಷ್ಟು ಸಾಕು, ಇನ್ನು ಥೀಸಿಸ್ ಬರಿ" ಅಂದರಂತೆ. ಅದನ್ನು ಹೇಳಲು ಮಗಳು ಗೇಟಿನಿಂದಲೇ ಕೂಗಿಕೊಂಡು ಬಂದಳು. ಕವಿತ ಶ್ಯಾವಿಗೆ ಪಾಯಸ ಮಾಡಿದಳು. ನಾನು ಯಾರಿಗೂ ಬೈಯದೆ ಒಂದಿಡೀ ಸಾಯಂಕಾಲ ಕಳೆದೆ. ಎದೆಯ ಮೇಲೆ ಕೂತಿದ್ದ ಎಮ್ಮೆ ಎದ್ದು ಹೋದ ಹಾಗಿತ್ತು. ಅವತ್ತು ಪಕ್ಕದ ಹೊಲದವನು ಬದು ಕೆತ್ತಿದ್ದು ಕಂಡರೂ "ಆಯ್ತು ಬಿಡಪ್ಪಾ" ಅಂದೆ. ಅವನು ಗಾಬರಿಯಾಗಿ ಮಣ್ಣು ವಾಪಸ್ ಹಾಕಿದ.

ಅಕ್ಕ ಪಾಯಸ ಬಡಿಸುತ್ತಾ ಕೇಳಿದಳು, "ಎರಡನೇ ಸಾಲಿನೋವು?"

"ಕೆಟ್ಟಿದೆ ಅತ್ತೆ. ಚೆನ್ನಾಗಿ ಕೆಟ್ಟಿದೆ!"

ಹೇಳಿದ ಮೇಲೆ ಅರ್ಪಿತಳಿಗೂ ಆ ಮಾತು ಹೇಗೆ ಕೇಳಿಸಿತೋ, ತಲೆ ಬಗ್ಗಿಸಿದಳು. ಅಕ್ಕ ಅವಳ ಲೋಟಕ್ಕೆ ಇನ್ನೊಂದು ಸೌಟು ಪಾಯಸ ಹಾಕಿ, ತಲೆ ಸವರಿದಳು.

"ನೀನು ಗೆದ್ಯಲ್ಲ, ನಂಗೆ ಸಂತೋಷ ಕಣವ್ವ. ಸುಳ್ಳು ಹೇಳಲ್ಲ. ಕುಡಿ."

೯

ಇನ್ನು ಕೊನೆ.

ಒಂದು ಕೊನೆ: ಅರ್ಪಿತ ಗೌನು ಹಾಕಿಕೊಂಡು ವೇದಿಕೆ ಹತ್ತುತ್ತಾಳೆ, ಕೆಳಗೆ ಅಕ್ಕ ಚಪ್ಪಾಳೆ ತಟ್ಟುತ್ತಾಳೆ. ಅರ್ಪಿತ ಬೇಡ ಅಂದಳು. "ಥೀಸಿಸ್ ಇನ್ನೂ ಬರೆದಿಲ್ಲ, ಆಗಲೇ ಗೌನಾ? ದೃಷ್ಟಿಯಾಗುತ್ತೆ."

ಇನ್ನೊಂದು: ಅಕ್ಕ ಮನಸ್ಸು ನೊಂದು ಕೆಲಸ ಬಿಡುತ್ತಾಳೆ. ಇದನ್ನು ಓದಿ ಹೇಳಿದಾಗ ಅಕ್ಕ, "ಯಾಕ್ ಬಿಡ್ಲಿ? ನಾನ್ ಬಿಟ್ರೆ ಅವಕ್ಕೆ ನೀರಿಡೋಕೆ ನೀನ್ ಹೋಗ್ತೀಯಾ? ಮೂತಿ ನೋಡು" ಅಂದಳು.

ಮತ್ತೊಂದು ಕೊನೆಯನ್ನು ನಾನು ಬರೆದಿಲ್ಲ. ಈಗ ನಡೆಯುತ್ತಾ ಇದೆ. ನಾನು ನಡುಮನೆಯಲ್ಲಿ ಕೂತು ಇದೇ ಪುಟ ಬರೆಯುತ್ತಿದ್ದೇನೆ. ಅಕ್ಕ ಬಂದು ಎದುರಿಗೆ ಕೂತಳು.

"ಗಂಗ, ಇದನ್ನ ಬರೆಯೋನು ನೀನು ತಾನೆ?"

"ಹೂಂ ಕಣಕ್ಕ."

"ಇದ್ರಾಗೆ ನೀನು ಬರೆದಂಗೇ ಎಲ್ಲಾ ಆಗೋದು ತಾನೆ?"

"ಹೂಂ."

"ಹಂಗಾದ್ರೆ ಆ ಎರಡನೇ ಸಾಲಿಗೆ ಒಂದೊಂದು ಉಂಡೆ ಹಾಕ್ಸು. ಪರದೆ ಎತ್ತಿ ನಾನೇ ಹಾಕ್ದೆ ಅಂತ ಬರಿ. ಸಾಯೋಕ್ ಮುಂಚೆ ತಿಂದ್ವು ಅಂತಾದ್ರೂ ಆಗ್ಲಿ."

ರೂಮಿನಿಂದ ಅರ್ಪಿತ ಕೂಗಿದಳು. "ಅಪ್ಪ, ಬರೀಬೇಡ! ಹಾಕಿದ್ರೆ ರಿಸಲ್ಟ್ ಮತ್ತೆ ಹಾಳಾಗುತ್ತೆ!"

"ಇದು ಕಥೆ ಕಣೆ!"

"ಕಥೇಲಿರೋ ಅರ್ಪಿತಂಗೂ ಇರೋದು ಅದೊಂದೇ ಥೀಸಿಸ್ಸು!"

ಇಬ್ಬರೂ ಸರಿ. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿದೆ. ಸಿಟ್ಟಿನ ಅಡಿಯಲ್ಲಿ ಎಲ್ಲೋ ನಗುವೂ ಬರುತ್ತಿದೆ, ಮನೆಯಲ್ಲಿ ಮತ್ತೆ ಕೂಗಾಟ ಶುರುವಾಯಿತಲ್ಲ ಅಂತ. ಅಕ್ಕನ ಮುಖ ನೋಡಿದರೆ ಬರೆಯದೆ ಇರಲಾರೆ. ಮಗಳ ದನಿ ಕೇಳಿದರೆ ಬರೆಯಲಾರೆ. 'ಅಕ್ಕ ಪರದೆ ಎತ್ತಿದಳು' ಅಂತ ಬರೆದು ನಿಲ್ಲಿಸಿದ್ದೇನೆ. ಅರ್ಪಿತ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. ಸಂಪಾದಕರ ಫೋನ್ ಹೊಡೆದುಕೊಳ್ಳುತ್ತಿದೆ. ಎತ್ತುವುದ್ಯಾರು?

ಇಲಿಗಳು ಕಂಬಿಯ ಹತ್ತಿರ ಬಂದಿವೆ. ಇನ್ನೂ ತಿಂದಿಲ್ಲ. ಅಕ್ಕನೂ ಕೈ ಹಿಂದಕ್ಕೆ ತೆಗೆದುಕೊಂಡಿಲ್ಲ.